ಸ್ತನದ ಕ್ಯಾನ್ಸರ್: ವರದಿಯಲ್ಲಿ ಬರುವ ‘ಪಾಸಿಟಿವ್’ ಎಂದರೇನು?



ಅಡಿಕೆ ಕೊಯ್ಲಿನ ಗಡಿಬಿಡಿಯ ಒಂದು ಸಂಜೆ ನಮ್ಮ ಇಗರ್ಜಿಯ ಒಂದು ಕುಟುಂಬದ ಮಗ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಅವರ ತಾಯಿಯ ಸ್ತನದಲ್ಲಿದ್ದ ಗಂಟನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದು ಹತ್ತು ದಿನಗಳಾಗಿದ್ದವು. ಕಾಗದದಲ್ಲಿ ಮೂರು ಸಾಲುಗಳಿದ್ದವು: ಇ.ಆರ್. ಪಾಸಿಟಿವ್, ಪಿ.ಆರ್. ಪಾಸಿಟಿವ್, ಹರ್-ಟೂ ನೆಗೆಟಿವ್. “ಫಾದರ್, ಎರಡು ಕಡೆ ಪಾಸಿಟಿವ್ ಬಂದಿದೆ. ಅಮ್ಮ ಇನ್ನು ಉಳಿಯುವುದಿಲ್ಲ ಎಂದೇ ಇದರ ಅರ್ಥವೋ?” ಎಂದು ಅವರು ಕೇಳಿದರು. ಮೂರು ದಿನಗಳಿಂದ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿರಲಿಲ್ಲ.

ಅದರ ಅರ್ಥ ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದುದು. ಈ ರೋಗಕ್ಕೆ ನಾಟುವ ಒಂದು ಒಳ್ಳೆಯ ಮದ್ದು ಇದೆ ಎಂದೇ ಆ ಎರಡು ‘ಪಾಸಿಟಿವ್’ಗಳು ಹೇಳುತ್ತವೆ. ಇದನ್ನು ಅವರಿಗೆ ವಿವರಿಸುತ್ತಿದ್ದಾಗ ನಮಗೆ ಇನ್ನೊಬ್ಬ ತಾಯಿಯ ನೆನಪಾಯಿತು. ಅವರ ವರದಿಯೂ ಹೀಗೆಯೇ ಇತ್ತು. ವೈದ್ಯರು ಐದು ವರ್ಷ ತೆಗೆದುಕೊಳ್ಳಬೇಕೆಂದು ಮಾತ್ರೆ ಬರೆದುಕೊಟ್ಟಿದ್ದರು. ಒಂದೂವರೆ ವರ್ಷವಾಗುವಾಗ, “ಕಾಯಿಲೆ ವಾಸಿಯಾಯಿತಲ್ಲ, ಇನ್ನು ಯಾಕೆ?” ಎಂದು ಅವರು ಮಾತ್ರೆ ಬಿಟ್ಟರು. ನಾಲ್ಕನೆಯ ವರ್ಷ ರೋಗವು ಬೆನ್ನೆಲುಬಿನಲ್ಲಿ ಮರಳಿ ಬಂತು. ಅವರು ಈಗ ನಮ್ಮೊಡನಿಲ್ಲ. ಮಾತ್ರೆ ಬಿಡದಿದ್ದರೆ ಅವರು ಖಂಡಿತ ಉಳಿಯುತ್ತಿದ್ದರು ಎಂದು ಯಾರೂ ಹೇಳಲಾರರು. ಆದರೆ ಆ ಮಾತ್ರೆ ಯಾತಕ್ಕೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮನೆಗೆ ಹೋಗಿ ಬರುತ್ತಿದ್ದ ನಾವೂ ವಿಚಾರಿಸಿರಲಿಲ್ಲ. ಆದುದರಿಂದ ಈ ಸಲ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಹಟ್ಟಿಯಿಂದ ಸಿಕ್ಕಿದ ಸುಳಿವು

ಈ ಕಥೆ ಆರಂಭವಾಗುವುದು ದನಕರುಗಳ ನಡುವೆ. ಸುಮಾರು 1876ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ಯುವ ವೈದ್ಯರು ಕುರಿ ಸಾಕುವ ಪ್ರದೇಶವೊಂದರಲ್ಲಿ ಕೆಲಸದಲ್ಲಿದ್ದರು. ಮರಿಗಳು ಹಾಲು ಬಿಡುವ ಕಾಲವನ್ನು ನೋಡುತ್ತಾ, ಹಾಲು ಹೇಗೆ ಬರುತ್ತದೆ, ಹೇಗೆ ನಿಲ್ಲುತ್ತದೆ ಎಂದು ಅಭ್ಯಾಸ ಮಾಡಿದರು. ಕರು ಹಾಕಿದ ಹಸುವಿನ ಅಂಡಾಶಯಗಳನ್ನು ತೆಗೆದುಬಿಟ್ಟರೆ ಅದು ದೀರ್ಘಕಾಲ ಹಾಲು ಕೊಡುತ್ತದೆ ಎಂದು ಕೆಲವು ದೇಶಗಳ ರೈತರು ಹಾಗೆ ಮಾಡುವ ಪದ್ಧತಿ ಇತ್ತು. ಇದನ್ನು ತಿಳಿದ ಬೀಟ್ಸನ್ ಯೋಚಿಸಿದರು: ಹೊಟ್ಟೆಯೊಳಗಿರುವ ಅಂಡಾಶಯಕ್ಕೂ ಎಷ್ಟೋ ದೂರದಲ್ಲಿರುವ ಕೆಚ್ಚಲಿಗೂ ಏನೋ ಸಂಬಂಧ ಇರಬೇಕು. ಹಾಗಾದರೆ ಸ್ತನದ ಕ್ಯಾನ್ಸರಿಗೂ ಇರಬಹುದಲ್ಲವೇ?

1895ರಲ್ಲಿ ಅವರು ಗ್ಲಾಸ್ಗೋದಲ್ಲಿ, ರೋಗ ಬಹಳ ಮುಂದುವರಿದಿದ್ದ ಒಬ್ಬ ಯುವತಿಯ ಅಂಡಾಶಯಗಳನ್ನು ತೆಗೆದರು. ಕೆಲವು ತಿಂಗಳಲ್ಲಿ ಆಕೆಯ ಗಡ್ಡೆಗಳು ಕರಗಿಹೋದವು. 1896ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹಾರ್ಮೋನ್ ಎಂಬ ಶಬ್ದವೇ ಇನ್ನೂ ಹುಟ್ಟಿರಲಿಲ್ಲ. ಆದರೆ ಬೇರೆ ವೈದ್ಯರು ಇದನ್ನು ಮಾಡಿ ನೋಡಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತು. ಉಳಿದವರಿಗೆ ಯಾಕೆ ಇಲ್ಲ? ಈ ಪ್ರಶ್ನೆಗೆ ಉತ್ತರ ಸಿಗಲು ಅರುವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಬೀಗ ಮತ್ತು ಕೀಲಿಕೈ

ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತದ ಮೂಲಕ ಇಡೀ ದೇಹದಲ್ಲಿ ಸುತ್ತಾಡುತ್ತದೆ. ಹುಡುಗಿ ದೊಡ್ಡವಳಾಗುವಾಗ ಸ್ತನ ಬೆಳೆಯುವುದು, ತಿಂಗಳು ತಿಂಗಳು ಗರ್ಭಕೋಶ ಸಿದ್ಧವಾಗುವುದು, ಎಲುಬು ಗಟ್ಟಿಯಾಗಿರುವುದು ಎಲ್ಲವೂ ಇದರ ಸಹಾಯದಿಂದ. ಆದುದರಿಂದ ಈಸ್ಟ್ರೋಜನ್ ವಿಷವಲ್ಲ, ಶತ್ರುವೂ ಅಲ್ಲ.

ಹೀಗೆ ಎಲ್ಲ ಕಡೆಗೂ ಹೋಗುವ ಹಾರ್ಮೋನು ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ಕೆಲಸ ಮಾಡುವುದು ಹೇಗೆ? ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ವಿಕಿರಣದ ಗುರುತು ಹಾಕಿದ ಈಸ್ಟ್ರೋಜನನ್ನು ಹೆಣ್ಣು ಇಲಿಗಳಿಗೆ ಕೊಟ್ಟು ಅದು ಎಲ್ಲಿ ಹೋಗುತ್ತದೆ ಎಂದು ನೋಡಿದರು. ಬೇರೆ ಅಂಗಗಳಿಂದ ಅದು ಬೇಗನೆ ಹೊರಟುಹೋಯಿತು. ಗರ್ಭಕೋಶದಂತಹ ಅಂಗಗಳಲ್ಲಿ ಮಾತ್ರ ಅಂಟಿಕೊಂಡು ನಿಂತಿತು. ಅಲ್ಲಿನ ಜೀವಕೋಶಗಳೊಳಗೆ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಇತ್ತು. ಇದೇ ಈಸ್ಟ್ರೋಜನ್ ಗ್ರಾಹಕ. ವರದಿಯಲ್ಲಿ ಬರುವ ‘ಇ.ಆರ್.’ ಎಂದರೆ ಇದೇ.

ಇದನ್ನು ಬೀಗ ಎಂದೂ ಈಸ್ಟ್ರೋಜನನ್ನು ಕೀಲಿಕೈ ಎಂದೂ ಭಾವಿಸಿರಿ. ಈ ಬೀಗ ಇರುವುದು ಹೆಚ್ಚಾಗಿ ಕೋಶದ ನಡುವಿನ ಕೇಂದ್ರದಲ್ಲಿ, ವಂಶವಾಹಿಗಳು ಇರುವ ಕೋಣೆಯಲ್ಲಿ. ಕೀಲಿಕೈ ಸೇರಿದ ಕೂಡಲೇ ಗ್ರಾಹಕದ ಆಕಾರ ಬದಲಾಗುತ್ತದೆ, ಎರಡು ಗ್ರಾಹಕಗಳು ಜೊತೆಯಾಗುತ್ತವೆ, ವಂಶವಾಹಿಯ ಎಳೆಯ ಮೇಲೆ ನಿಶ್ಚಿತ ಜಾಗಗಳಲ್ಲಿ ಹೋಗಿ ಕುಳಿತುಕೊಳ್ಳುತ್ತವೆ. ಆಗ ಕೋಶಕ್ಕೆ “ಇಬ್ಭಾಗವಾಗು, ಎರಡಾಗು” ಎಂಬ ಅಪ್ಪಣೆ ಸಿಗುತ್ತದೆ. ಇದೇ ಸಂದರ್ಭದಲ್ಲಿ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರೋನಿನ ಗ್ರಾಹಕವೂ ತಯಾರಾಗುತ್ತದೆ. ವರದಿಯ ‘ಪಿ.ಆರ್.’ ಅದು. ಇ.ಆರ್. ಕೇವಲ ಇದೆ ಎಂದಲ್ಲ, ಕೆಲಸವನ್ನೂ ಮಾಡುತ್ತಿದೆ ಎಂಬುದಕ್ಕೆ ಪಿ.ಆರ್. ಒಂದು ಸಾಕ್ಷಿ.

ಬೀಟ್ಸನ್ನರ ಒಗಟಿಗೆ ಉತ್ತರ ಇಲ್ಲಿದೆ. ಯಾವ ಗಡ್ಡೆಯ ಕೋಶಗಳಲ್ಲಿ ಈ ಗ್ರಾಹಕ ಇದೆಯೋ ಅದು ಈಸ್ಟ್ರೋಜನನ್ನು ನಂಬಿ ಬೆಳೆಯುತ್ತದೆ. ಹಾರ್ಮೋನನ್ನು ತಡೆದರೆ ಸೊರಗುತ್ತದೆ. ಗ್ರಾಹಕ ಇಲ್ಲದ ಗಡ್ಡೆಗೆ ಹಾರ್ಮೋನಿನ ಹಂಗಿಲ್ಲ. ಜಗತ್ತಿನಲ್ಲಿ ಒಟ್ಟಾರೆ ನೋಡಿದರೆ ಸ್ತನದ ಕ್ಯಾನ್ಸರುಗಳಲ್ಲಿ ಹೆಚ್ಚಿನವು, ಪಾಶ್ಚಾತ್ಯ ದೇಶಗಳಲ್ಲಿ 100ರಲ್ಲಿ ಸುಮಾರು 70ಕ್ಕೂ ಮೇಲೆ, ಇ.ಆರ್. ಪಾಸಿಟಿವ್ ಆಗಿರುತ್ತವೆ.

ಒಬ್ಬ ಸಂನ್ಯಾಸಿನಿಯ ಜೀವಕೋಶಗಳು

ಈ ವಿಷಯದಲ್ಲಿ ಜಗತ್ತಿಗೆ ತಿಳಿದಿರುವುದರಲ್ಲಿ ಬಹುಪಾಲು ಒಬ್ಬ ಕ್ಯಾಥೋಲಿಕ್ ಸಂನ್ಯಾಸಿನಿಯಿಂದ ಬಂದದ್ದು ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಮಿಶಿಗನ್ ರಾಜ್ಯದ ಮನ್ರೋ ಎಂಬ ಊರಿನ ಕಾನ್ವೆಂಟಿನ ಒಬ್ಬ ಸಿಸ್ಟರ್‌ಗೆ ಸ್ತನದ ಕ್ಯಾನ್ಸರ್ ಆಗಿ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. 1970ರಲ್ಲಿ, ಅವರ 69ನೆಯ ವಯಸ್ಸಿನಲ್ಲಿ, ವೈದ್ಯರು ತೆಗೆದ ಆ ನೀರಿನಲ್ಲಿದ್ದ ಕ್ಯಾನ್ಸರ್ ಕೋಶಗಳನ್ನು ಡೆಟ್ರಾಯಿಟಿನ ಮಿಶಿಗನ್ ಕ್ಯಾನ್ಸರ್ ಫೌಂಡೇಶನ್ನಿನ ಹರ್ಬರ್ಟ್ ಸೂಲ್ ಎಂಬವರು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಯತ್ನಿಸಿದರು. ಅಷ್ಟರ ತನಕ ಅವರು ಮಾಡಿದ ಯತ್ನಗಳು ಕೈಗೂಡಿರಲಿಲ್ಲ, ಏಳನೆಯದು ಫಲಿಸಿತು. ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನೂ ಏಳನ್ನೂ ಸೇರಿಸಿ ಅದಕ್ಕೆ ‘ಎಂ.ಸಿ.ಎಫ್.-7’ ಎಂದು ಹೆಸರಾಯಿತು.

ಸಿಸ್ಟರ್ ಅದೇ ವರ್ಷ ತೀರಿಕೊಂಡರು. ಆದರೆ ಆ ಕೋಶಗಳು ಇಂದೂ ಜಗತ್ತಿನ ನೂರಾರು ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. 1973ರಲ್ಲಿ ಅವುಗಳಲ್ಲಿ ಈಸ್ಟ್ರೋಜನ್ ಗ್ರಾಹಕ ಇರುವುದು ಪತ್ತೆಯಾಯಿತು. ಈಸ್ಟ್ರೋಜನ್ ಕೊಟ್ಟರೆ ಬೆಳೆಯುವ, ತಡೆದರೆ ನಿಲ್ಲುವ ಕೋಶಗಳು ಮನುಷ್ಯರ ಕೈಗೆ ಸಿಕ್ಕಿದವು. ಮದ್ದುಗಳನ್ನು ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದದ್ದು ಇನ್ನೇನು ಬೇಕು?

ಕೋಶದ ಹೊರಬಾಗಿಲು

ಇನ್ನು ಬೆಳವಣಿಗೆ ಕಾರಕಗಳ ವಿಚಾರ. ಇವು ಕೋಶಗಳು ಒಂದಕ್ಕೊಂದು ಕಳುಹಿಸುವ ಚಿಕ್ಕ ಪ್ರೋಟೀನುಗಳು. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಯ ಲಾಲಾರಸದ ಗ್ರಂಥಿಯಿಂದ ತೆಗೆದ ಒಂದು ವಸ್ತುವನ್ನು ಎಳೆಯ ಇಲಿಮರಿಗಳಿಗೆ ಕೊಟ್ಟಾಗ ಅವು ದಿನಕ್ಕೆ ಮುಂಚೆಯೇ ಕಣ್ಣು ಬಿಟ್ಟವು, ಹಲ್ಲುಗಳೂ ಬೇಗ ಮೂಡಿದವು. ಚರ್ಮದ ಕೋಶಗಳನ್ನು ಬೆಳೆಸುವ ಈ ಕಾರಕವನ್ನು ಗುರುತಿಸಿದ ಕೆಲಸಕ್ಕಾಗಿ ಅವರಿಗೂ, ನರಗಳ ಬೆಳವಣಿಗೆ ಕಾರಕವನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ 1986ರ ನೊಬೆಲ್ ಬಹುಮಾನ ಬಂತು.

ಈಸ್ಟ್ರೋಜನ್ ಕೋಶದ ಒಳಕೋಣೆಯವರೆಗೆ ತಾನೇ ನಡೆದುಹೋಗುತ್ತದೆ. ಬೆಳವಣಿಗೆ ಕಾರಕಗಳು ಹಾಗಲ್ಲ. ಅವು ಹೊರಬಾಗಿಲಿನಲ್ಲಿ ನಿಂತು ಕರೆಗಂಟೆ ಒತ್ತುತ್ತವೆ. ಕೋಶದ ಗೋಡೆಯಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಇರುವ ಗ್ರಾಹಕಗಳು ಈ ಕರೆಯನ್ನು ಹಿಡಿದು, ಒಳಗಿನ ಪ್ರೋಟೀನುಗಳಿಗೆ ಫಾಸ್ಫೇಟಿನ ಗುರುತು ಅಂಟಿಸುತ್ತವೆ. ಒಬ್ಬರಿಂದ ಒಬ್ಬರಿಗೆ ಕೊಡಪಾನ ದಾಟಿಸಿದಂತೆ ಆ ಸಂದೇಶ ಕೈಯಿಂದ ಕೈಗೆ ಸಾಗಿ ಕೇಂದ್ರಕ್ಕೆ ಮುಟ್ಟುತ್ತದೆ.

ಈ ಬಾಗಿಲುಗಳಲ್ಲಿ ಒಂದರ ಹೆಸರು ‘ಹರ್-ಟೂ’. ಸ್ತನದ ಕ್ಯಾನ್ಸರುಗಳಲ್ಲಿ 100ರಲ್ಲಿ ಸುಮಾರು 15ರಿಂದ 20ರಲ್ಲಿ ಈ ಬಾಗಿಲುಗಳು ಮಿತಿಮೀರಿ ಹೆಚ್ಚಿರುತ್ತವೆ. ಅಂತಹ ಗಡ್ಡೆ ಉಗ್ರವಾಗಿ ಬೆಳೆಯುತ್ತದೆ ಎಂದು 1987ರಲ್ಲಿ ಡೆನಿಸ್ ಸ್ಲಾಮನ್ ಮತ್ತು ಅವರ ಜೊತೆಯವರು ತೋರಿಸಿದರು. ಈ ಬಾಗಿಲನ್ನೇ ಮುಚ್ಚುವ ಟ್ರಾಸ್ಟುಜುಮಾಬ್ ಎಂಬ ಚುಚ್ಚುಮದ್ದಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪೆನಿ ಇದಕ್ಕೆ ಸಮಾನವಾದ ಮದ್ದನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಿತು.

ತೋಡಿಗೆ ಕಟ್ಟ, ಸುರಂಗದ ನೀರು

ಈ ಎರಡು ದಾರಿಗಳು ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಇದನ್ನು ತಿಳಿಯಲು ನಮ್ಮ ತೋಟಗಳನ್ನೇ ನೋಡೋಣ. ಕಾಸರಗೋಡಿನ ಎಷ್ಟೋ ತೋಟಗಳಿಗೆ ಎರಡು ಕಡೆಯಿಂದ ನೀರು ಬರುತ್ತದೆ: ಕೆಳಗಿನ ತೋಡಿನಿಂದ ಒಂದು, ಗುಡ್ಡದ ಸುರಂಗದಿಂದ ಇನ್ನೊಂದು. ತೋಡಿನ ನೀರು ಬಾರದಂತೆ ಮೇಲೆ ಕಟ್ಟ ಹಾಕಿದರೂ ಸುರಂಗದ ನೀರಿನಲ್ಲಿ ತೋಟ ಹಸಿಯಾಗಿಯೇ ಉಳಿಯಬಹುದು.

ಕ್ಯಾನ್ಸರ್ ಕೋಶದಲ್ಲಿ ತೋಡು ಎಂದರೆ ಈಸ್ಟ್ರೋಜನ್, ಸುರಂಗ ಎಂದರೆ ಬೆಳವಣಿಗೆ ಕಾರಕ. ಎಂ.ಸಿ.ಎಫ್.-7 ಕೋಶಗಳಿಗೆ ಈಸ್ಟ್ರೋಜನ್ ಕೊಟ್ಟಾಗ ಅವು ತಾವೇ ಬೆಳವಣಿಗೆ ಕಾರಕಗಳನ್ನು ತಯಾರಿಸಿ ಹೊರಬಿಡುತ್ತವೆ. ಅವೇ ಕಾರಕಗಳು ಮರಳಿ ಅದೇ ಕೋಶದ ಬಾಗಿಲು ತಟ್ಟುತ್ತವೆ. ತೋಡಿನ ನೀರಿನಿಂದಲೇ ಸುರಂಗದ ಒರತೆಯೂ ಹೆಚ್ಚಿದಂತೆ. ಇದರ ಇನ್ನೊಂದು ಮುಖವೂ ಇದೆ. ಹೊರಬಾಗಿಲಿನಿಂದ ಬಂದ ಫಾಸ್ಫೇಟಿನ ಗುರುತು ಕೆಲವೊಮ್ಮೆ ಈಸ್ಟ್ರೋಜನ್ ಗ್ರಾಹಕದ ಮೇಲೆಯೇ ಅಂಟಿಕೊಳ್ಳುತ್ತದೆ. ಆಗ ಕೀಲಿಕೈ ಇಲ್ಲದೆಯೇ, ಅಥವಾ ಬಹಳ ಕಡಿಮೆ ಹಾರ್ಮೋನಿನಲ್ಲಿಯೇ, ಬೀಗ ತೆರೆದುಕೊಳ್ಳುತ್ತದೆ.

ಇ.ಆರ್. ಪಾಸಿಟಿವ್ ಆಗಿದ್ದರೂ ಕೆಲವರಿಗೆ ಮಾತ್ರೆ ನಾಟದಿರುವುದಕ್ಕೆ, ನಾಟಿದ ಮೇಲೂ ಕೆಲವೊಮ್ಮೆ ರೋಗ ಮರಳುವುದಕ್ಕೆ ಇದೊಂದು ಮುಖ್ಯ ಕಾರಣ. ಪ್ರಯೋಗಶಾಲೆಯಲ್ಲಿ ಎಂ.ಸಿ.ಎಫ್.-7 ಕೋಶಗಳಿಗೆ ಹರ್-ಟೂ ಬಾಗಿಲುಗಳನ್ನು ಹೆಚ್ಚಿಸಿದಾಗ ಅವು ಮಾತ್ರೆಗೆ ಬಗ್ಗದಂತಾದವು. ಆದುದರಿಂದಲೇ ವೈದ್ಯರು ಮೂರು ಸಾಲುಗಳನ್ನೂ ಒಟ್ಟಿಗೆ ಓದುತ್ತಾರೆ. ಎರಡೂ ಪಾಸಿಟಿವ್ ಇದ್ದರೆ ತೋಡನ್ನೂ ಸುರಂಗವನ್ನೂ ಎರಡನ್ನೂ ಮುಚ್ಚಬೇಕಾಗುತ್ತದೆ. ಮೂರೂ ನೆಗೆಟಿವ್ ಆದರೆ ಈ ಎರಡು ಬಗೆಯ ಮದ್ದುಗಳಿಗೂ ಹಿಡಿತ ಸಿಗುವುದಿಲ್ಲ. ಅಲ್ಲಿ ಕೀಮೋಥೆರಪಿಯೇ ಮುಖ್ಯ ಆಧಾರ.

ಮುರುಕು ಕೀಲಿಕೈಯಂತಹ ಮಾತ್ರೆ

ಆ ಮಾತ್ರೆಯ ಹೆಸರು ಟಮಾಕ್ಸಿಫೆನ್. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ಮಹಿಳೆ ಇದನ್ನು ತಯಾರಿಸಿದರು. ಅವರ ಕಂಪೆನಿ ಹುಡುಕುತ್ತಿದ್ದುದು ಗರ್ಭನಿರೋಧಕವನ್ನು. ಆ ಕೆಲಸಕ್ಕೆ ಇದು ಆಗಲಿಲ್ಲ. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಸ್ತನದ ಕ್ಯಾನ್ಸರಿಗೆ ಇದನ್ನು ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು. ಇದು ಬೀಗದೊಳಗೆ ಹೋಗಿ ಕುಳಿತುಕೊಳ್ಳುತ್ತದೆ, ಆದರೆ ತಿರುಗುವುದಿಲ್ಲ. ನಿಜವಾದ ಕೀಲಿಕೈಗೆ ಜಾಗ ಬಿಡುವುದೂ ಇಲ್ಲ. ಇ.ಆರ್. ಪಾಸಿಟಿವ್ ಇರುವವರು ಐದು ವರ್ಷ ಇದನ್ನು ತೆಗೆದುಕೊಂಡರೆ, ಮುಂದಿನ 15 ವರ್ಷಗಳಲ್ಲಿ ಈ ರೋಗದಿಂದಾಗುವ ಸಾವುಗಳು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆ ಎಂದು ಸಾವಿರಾರು ಮಹಿಳೆಯರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವರದಿ ತೋರಿಸಿದೆ. ಬೆಲೆಯೂ ದಿನಕ್ಕೆ ಕೆಲವೇ ರೂಪಾಯಿ.

ಮುಟ್ಟು ನಿಂತವರಿಗೆ ಬೇರೆ ಬಗೆಯ ಮಾತ್ರೆಗಳೂ ಇವೆ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೆಯೂ ದೇಹದ ಕೊಬ್ಬಿನಲ್ಲಿ ಸ್ವಲ್ಪ ಈಸ್ಟ್ರೋಜನ್ ಹುಟ್ಟುತ್ತಲೇ ಇರುತ್ತದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಎಂಬ ಮದ್ದುಗಳು ಆ ತಯಾರಿಯನ್ನೇ ತಡೆಯುತ್ತವೆ. ಮುಟ್ಟು ನಿಂತ ಮೇಲೆ ಮೈತೂಕ ಹೆಚ್ಚಿಸಿಕೊಳ್ಳಬಾರದು ಎನ್ನುವುದಕ್ಕೂ ಇದೇ ಕಾರಣ.

“ಗಡ್ಡೆಯನ್ನೇ ತೆಗೆದ ಮೇಲೆ ಐದು ವರ್ಷ ಯಾಕೆ?” ಎಂಬ ಪ್ರಶ್ನೆಗೆ ತೋಟದವರು ತಾವೇ ಉತ್ತರ ಹೇಳಬಲ್ಲರು. ಕೊಳೆರೋಗ ಕಣ್ಣಿಗೆ ಕಾಣುವ ಮೊದಲೇ, ಮಳೆ ಹಿಡಿಯುವ ಮುಂಚೆ ನಾವು ಅಡಿಕೆಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನಲುವತ್ತು ನಲುವತ್ತೈದು ದಿನ ಕಳೆದು ಮತ್ತೆ ಹೊಡೆಯುತ್ತೇವೆ. “ರೋಗವೇ ಇಲ್ಲವಲ್ಲ” ಎಂದು ಎರಡನೆಯ ಸಲ ಬಿಟ್ಟವನ ತೋಟದಲ್ಲಿ ಆಟಿ ತಿಂಗಳಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕ್ಯಾನ್ಸರಿನಲ್ಲಿಯೂ ಕಣ್ಣಿಗೂ ಸ್ಕ್ಯಾನಿಗೂ ಕಾಣದ ಕೋಶಗಳು ಎಲುಬಿನಲ್ಲೋ ಯಕೃತ್ತಿನಲ್ಲೋ ವರ್ಷಗಟ್ಟಲೆ ನಿದ್ರೆಯಲ್ಲಿರಬಹುದು. ಮಾತ್ರೆ ಅವುಗಳಿಗಾಗಿ.

ಈ ಮಾತ್ರೆಯಿಂದ ತೊಂದರೆಗಳೂ ಇವೆ. ಮೈ ಬಿಸಿಯೇರಿ ಬೆವರುವುದು ಸಾಮಾನ್ಯ. ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗರ್ಭಕೋಶದಲ್ಲಿ ಟಮಾಕ್ಸಿಫೆನ್ ಸ್ವಲ್ಪ ಈಸ್ಟ್ರೋಜನಿನಂತೆಯೇ ವರ್ತಿಸುವುದರಿಂದ, ಮುಟ್ಟು ನಿಂತವರಿಗೆ ರಕ್ತ ಹೋದರೆ ನಾಚದೆ ವೈದ್ಯರಿಗೆ ಹೇಳಬೇಕು. ಈ ಮಾತ್ರೆ ಸೇವಿಸುವಾಗ ಗರ್ಭ ಧರಿಸಬಾರದು. ತೊಂದರೆ ತಡೆಯಲಾಗದಿದ್ದರೆ ವೈದ್ಯರು ಬದಲಾಯಿಸಿಕೊಡುತ್ತಾರೆ. ನಾವಾಗಿಯೇ ನಿಲ್ಲಿಸುವುದು ಬೇಡ.

ನಮ್ಮ ಊರಿನ ಎಂಡೋಸಲ್ಫಾನ್

ಈ ಅಂಕಣದ ಓದುಗರು ಕೇಳಿಯೇ ಕೇಳುವ ಪ್ರಶ್ನೆ ಇದು. ಅಮೆರಿಕದ ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ಆನಾ ಸೋಟೋ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಈ ಎಂ.ಸಿ.ಎಫ್.-7 ಕೋಶಗಳೊಡನೆಯೇ ಕೆಲಸ ಮಾಡುತ್ತಿದ್ದರು. ಒಮ್ಮೆ ಈಸ್ಟ್ರೋಜನ್ ಹಾಕದಿದ್ದರೂ ಕೋಶಗಳು ಬೆಳೆಯತೊಡಗಿದವು. ಹುಡುಕಿದಾಗ, ಅವರು ಬಳಸುತ್ತಿದ್ದ ಪ್ಲಾಸ್ಟಿಕ್ ಕೊಳವೆಯಿಂದಲೇ ಒಂದು ರಾಸಾಯನಿಕ ಸೋರುತ್ತಿತ್ತು. 1991ರಲ್ಲಿ ಅವರು ಅದನ್ನು ಪ್ರಕಟಿಸಿದರು. ಬಳಿಕ ಕೀಟನಾಶಕಗಳನ್ನು ಹೀಗೆಯೇ ಪರೀಕ್ಷಿಸಿ, ಎಂಡೋಸಲ್ಫಾನ್ ಸಹಿತ ಕೆಲವು ಮದ್ದುಗಳು ಈ ಬೀಗಕ್ಕೆ ಕಳ್ಳಕೀಲಿಯಂತೆ ಹೊಂದುತ್ತವೆ ಎಂದು 1994ರಲ್ಲಿ ತೋರಿಸಿದರು.

1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಜಿಲ್ಲೆಯ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು ಇದೇ ಮದ್ದು. ಸುಪ್ರೀಂ ಕೋರ್ಟು 2011ರ ಮೇ 13ರಂದು ಇದನ್ನು ದೇಶದಲ್ಲೇ ತಡೆಹಿಡಿಯಿತು. ಆದರೆ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಪ್ರಯೋಗಶಾಲೆಯ ಪಾತ್ರೆಯಲ್ಲಿ ಇದರ ಶಕ್ತಿ ನಿಜವಾದ ಈಸ್ಟ್ರೋಜನಿಗಿಂತ ಲಕ್ಷಗಟ್ಟಲೆ ಪಾಲು ಕಡಿಮೆ. ಪಾತ್ರೆಯಲ್ಲಿ ಕೋಶ ಬೆಳೆಯಿತು ಎಂದ ಮಾತ್ರಕ್ಕೆ ಒಬ್ಬ ತಾಯಿಯ ಗಡ್ಡೆಗೆ ಇದೇ ಕಾರಣ ಎಂದು ಹೇಳಲಾಗದು. ಮದ್ದು ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯದಿರುವುದು, ಮದ್ದಿನ ಡಬ್ಬದಲ್ಲಿ ನೀರು ತುಂಬಿಸದಿರುವುದು, ಕೈಗವುಸು ಹಾಕುವುದು ಇವು ಹೇಗೂ ಬೇಕಾದುವೇ. ಆದರೆ “ಎಲ್ಲವೂ ಆ ಮದ್ದಿನಿಂದಲೇ” ಎಂದು ಕೈಚೆಲ್ಲಿ, ಗಂಟನ್ನು ತೋರಿಸದೆ ಕುಳಿತುಕೊಳ್ಳುವುದು ಸಲ್ಲದು.

ಮನೆಯವರು ನೆನಪಿಡಬೇಕಾದುದು

1. ಈ ರೋಗ ಅಂಟುರೋಗವಲ್ಲ, ಶಾಪವೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಬರುವುದಿಲ್ಲ.

2. ನೋವಿಲ್ಲದ ಗಂಟನ್ನು ಅಲಕ್ಷಿಸಬೇಡಿ. ಆರಂಭದಲ್ಲಿ ಹೆಚ್ಚಿನ ಗಂಟುಗಳಿಗೆ ನೋವಿರುವುದಿಲ್ಲ. ಚರ್ಮ ಗುಳಿ ಬೀಳುವುದು, ತೊಟ್ಟು ಒಳಗೆ ಸೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಂಟು ಕಾಣುವುದು ಇವುಗಳನ್ನು ಕೊಯ್ಲು ಮುಗಿಯಲಿ ಎಂದು ಮುಂದೂಡಬಾರದು.

3. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ನಡೆಸಿದ, 2021ರಲ್ಲಿ ಪ್ರಕಟವಾದ 20 ವರ್ಷಗಳ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದುದರಿಂದಲೇ 50 ದಾಟಿದ ಮಹಿಳೆಯರಲ್ಲಿ ಈ ರೋಗದ ಸಾವು 100ಕ್ಕೆ ಸುಮಾರು 30ರಷ್ಟು ಕಡಿಮೆಯಾಯಿತು. ಇಂತಹ ಶಿಬಿರ ನಡೆದಾಗ ಮನೆಯ ಅಜ್ಜಿಯನ್ನೂ ಕಳುಹಿಸಿರಿ.

4. ಮೊಲೆಯುಣಿಸುವುದು ತಾಯಿಗೂ ರಕ್ಷಣೆ. ಒಟ್ಟು ಹನ್ನೆರಡು ತಿಂಗಳು ಹಾಲುಣಿಸಿದರೆ ಅಪಾಯ 100ಕ್ಕೆ ಸುಮಾರು 4ರಷ್ಟು ಇಳಿಯುತ್ತದೆ ಎಂದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿದೆ. ಮದ್ಯಪಾನ ಅಪಾಯವನ್ನು ಹೆಚ್ಚಿಸುತ್ತದೆ.

5. ಮಕ್ಕಳಿಲ್ಲದವರಿಗೆ ಇದು ಬರುವ ಸಂಭವ ತುಸು ಹೆಚ್ಚು. ಕಾನ್ವೆಂಟುಗಳಲ್ಲಿ ಈ ರೋಗ ಹೆಚ್ಚೆಂದು ಇಟೆಲಿಯ ವೈದ್ಯ ರಾಮಾಜಿನಿ ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಬರೆದಿದ್ದರು. ನಮ್ಮ ಸಿಸ್ಟರುಗಳೂ ಅವಿವಾಹಿತ ಅಕ್ಕಂದಿರೂ ತಪಾಸಣೆ ಮಾಡಿಸಿಕೊಳ್ಳಬೇಕು.

6. ಗಂಡಸರಿಗೂ ಅಪರೂಪವಾಗಿ ಬರುತ್ತದೆ. ಅದರಲ್ಲಿ ಹೆಚ್ಚಿನವು ಇ.ಆರ್. ಪಾಸಿಟಿವ್.

7. ಗಡ್ಡೆ ತೆಗೆದ ಮೇಲೆ ಇ.ಆರ್., ಪಿ.ಆರ್., ಹರ್-ಟೂ ಮೂರೂ ಪರೀಕ್ಷೆ ಆಗಿದೆಯೇ ಎಂದು ಕೇಳಿರಿ. ಆ ಕಾಗದವನ್ನು ಭೂಮಿಯ ದಾಖಲೆಯಷ್ಟೇ ಜೋಪಾನವಾಗಿಡಿ. ಮಂಗಳೂರಿಗೆ ಹೋದರೂ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋದರೂ ಮೊದಲು ಕೇಳುವುದು ಅದನ್ನೇ.

ಜಾಗತಿಕ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು; ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ತಡವಾಗಿ ತೋರಿಸುವುದು, ನಡುವಿನಲ್ಲಿ ಚಿಕಿತ್ಸೆ ಬಿಡುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿವೆ.

ಆ ದಿನ ಕಾಗದ ಹಿಡಿದು ಬಂದಿದ್ದ ಮಗನ ತಾಯಿ ಈಗ ಮೂರನೆಯ ವರ್ಷದ ಮಾತ್ರೆಯಲ್ಲಿದ್ದಾರೆ. ಅವರ ಸೊಸೆ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ದಿನ ದಿನವೂ ಒಂದು ಗೆರೆ ಎಳೆಯುತ್ತಾರೆ. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಯಾರಾದರೂ ಈ ಮಾತ್ರೆ ಸೇವಿಸುತ್ತಿದ್ದರೆ, ಇಂದಿನ ಮಾತ್ರೆ ಆಯಿತೇ ಎಂದು ಒಂದು ಮಾತು ಕೇಳಿರಿ.